ರಿವಾಯತ್ ಮುಂದುವರಿಸುವವರ ಮೇಲೆ ಸಿಟ್ಟೇಕೆ?

ಅಮೆರಿಕದ ರಾಬರ್ಟ್ ಜೋರ್ಡಾನ್ 2007ರಲ್ಲಿ ತೀರಿಕೊಂಡಾಗ ಅವರ ‘ವ್ಹೀಲ್ ಆಫ್ ಟೈಮ್’ ಕಾದಂಬರಿ ಮಾಲೆ ಇನ್ನೂ ಮುಗಿದಿರಲಿಲ್ಲ. ಬ್ರ್ಯಾಂಡನ್ ಸ್ಯಾಂಡರ್ಸನ್ ಎಂಬ ಬೇರೊಬ್ಬ ಲೇಖಕರು ಮೂರು ಸಂಪುಟ ಬರೆದು 2013ರಲ್ಲಿ ಅದನ್ನು ಮುಗಿಸಿದರು. ವಿಜಯಪುರದ ಕಾಲೇಜು ಹುಡುಗರು ಇದನ್ನು ಬೆರಗಿನಿಂದ ಹೇಳುವುದನ್ನು ನಾವು ಕೇಳಿದ್ದೇವೆ. ಅದೇ ಹುಡುಗರು ತಿಕೋಟಾ, ಬಬಲೇಶ್ವರ ಕಡೆಯ ಹಳ್ಳಿಗಳಲ್ಲಿ ಮೊಹರಂ ರಾತ್ರಿ ಹೊಸದಾಗಿ ಕಟ್ಟಿದ ರಿವಾಯತ್ ಪದ ಕೇಳಿದರೆ ಮುಖ ಸಿಂಡರಿಸುತ್ತಾರೆ. ‘ಇದು ಮೂಲದಲ್ಲಿದೆಯೇ? ಸೇರಿಸಲು ಇವನ್ಯಾರು?’

ಫಿರ್ದೌಸಿ ಯಾರು? ದಖೀಖಿ ಕೊಲೆಯಾಗಿ ಅರ್ಧಕ್ಕೆ ನಿಂತ ಕಾವ್ಯವನ್ನು ಕೈಗೆತ್ತಿಕೊಂಡವನು. ದಖೀಖಿಯ ಸುಮಾರು ಸಾವಿರ ದ್ವಿಪದಿಗಳನ್ನು ಹೆಸರು ಹೇಳಿಯೇ ತನ್ನ ಶಾಹನಾಮೆಯಲ್ಲಿ ಇಟ್ಟುಕೊಂಡ. ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರ್ತಿ ಮಾಡಿದ. ಲಖನೌದ ನವಲ್ ಕಿಶೋರ್ ಮುದ್ರಣಾಲಯ ಹೊರತಂದ ಅಮೀರ್ ಹಂಜಾ ದಾಸ್ತಾನಿನ ಮಾಲೆ 46 ಸಂಪುಟಗಳದು. ಅದರೊಳಗಿನ ತಿಲಿಸ್ಮೆ ಹೋಶ್‌ರುಬಾದ ಮೊದಲ ನಾಲ್ಕು ಸಂಪುಟ ಮುಹಮ್ಮದ್ ಹುಸೇನ್ ಜಾಹ್ ಬರೆದರು, ಮುಂದಿನವನ್ನು ಅಹ್ಮದ್ ಹುಸೇನ್ ಕಮರ್. ಕಮರ್ ಸಾಹೇಬರು ಜಾಹ್‌ರನ್ನು ಹೀಗಳೆದದ್ದೂ ಉಂಟು, ಆ ಮಾತು ಬಿಡಿ.

ನಮ್ಮ ಊರಿಗೇ ಬರೋಣ. ಹಜ್ರತ್ ಅಲಿಯವರು ದೈತ್ಯರೊಡನೆ, ಘಟಸರ್ಪಗಳೊಡನೆ ಹೋರಾಡುವ ‘ಖಾವರಾನ್‌ನಾಮಾ’ವನ್ನು 1426ರಲ್ಲಿ ಪಾರಸಿಯಲ್ಲಿ ಬರೆದವನು ಇಬ್ನ್ ಹುಸಾಮ್. 1649ರಲ್ಲಿ ಮುಹಮ್ಮದ್ ಆದಿಲ್‌ಶಾಹನ ರಾಣಿ ಖದೀಜಾ ಸುಲ್ತಾನಾ ಹೇಳಿದ್ದಕ್ಕೆ ಬಿಜಾಪುರದ ಕಮಾಲ್ ಖಾನ್ ರುಸ್ತಮಿ ಅದನ್ನು ದಖನಿಗೆ ತಂದ. ಸುಮಾರು 24,000 ದ್ವಿಪದಿಗಳು! ಪಾರಸಿ ಬಾರದವರ ಕಿವಿಗೂ ಕಥೆ ಬಿತ್ತು. ದಖನಿಯೂ ಬಾರದ ರೈತನ ಕಿವಿಗೆ ಕರ್ಬಲಾ ಬಿದ್ದದ್ದು ಕನ್ನಡದ ರಿವಾಯತ್ ಪದಗಳಿಂದ. ಕಟ್ಟಿದವರಲ್ಲಿ, ಹಾಡುವವರಲ್ಲಿ ಮುಸ್ಲಿಮೇತರರೂ ಇದ್ದಾರೆ. ಹೆಜ್ಜೆ ಹಾಕುವ ಸಾಲಿನಲ್ಲಂತೂ ಕೇಳುವುದೇ ಬೇಡ.

ಗೊಂದಲ ಹುಟ್ಟುವುದು ಹೆಸರಿನಿಂದ. ಹದೀಸ್ ವಿದ್ವಾಂಸರಿಗೂ ‘ರಿವಾಯತ್’ ಎಂಬ ಪದವಿದೆ. ಅಲ್ಲಿ ಯಾರಿಂದ ಯಾರು ಕೇಳಿದರು ಎಂಬ ಸರಪಳಿ ಬೇಕು, ಒಂದಕ್ಷರ ಸೇರಿಸುವಂತಿಲ್ಲ. ಹಳ್ಳಿಯ ರಿವಾಯತ್ ಪದ ಹಾಡು, ಪ್ರಮಾಣಗ್ರಂಥವಲ್ಲ. ಪದದಲ್ಲಿ ಕೇಳಿದ್ದನ್ನೇ ಇತಿಹಾಸವೆಂದು, ದೀನ್ ಎಂದು ಹೇಳುವವರನ್ನು ಉಲಮಾಗಳು ತಿದ್ದಲಿ, ಅದಕ್ಕೆ ನಮ್ಮ ತಕರಾರಿಲ್ಲ. ಪದ ಕಟ್ಟಿದವನ ಬಾಯಿಯನ್ನೇ ಮುಚ್ಚಿಸುವುದು ಬೇರೆ ಮಾತು. ಇತ್ತ ಇನ್ನು ಕೆಲವರು ‘ಅವರ ಹಬ್ಬದ ಪದ ನಿನಗೇಕೆ’ ಎಂದು ಹಿಂದೂ ಹಾಡುಗಾರನನ್ನು ಕೆಣಕುತ್ತಾರೆ. ಹಾಡುಗಾರನಿಗೆ ಎರಡೂ ಕಡೆಯಿಂದ ಪೆಟ್ಟು. ತಮಾಷೆಯೆಂದರೆ, ಈ ಒಂದು ವಿಷಯದಲ್ಲಿ ಎರಡೂ ಕಡೆಯವರು ಒಂದಾಗಿದ್ದಾರೆ!

ರುಸ್ತಮಿಯ ಕಾವ್ಯದ ಸಚಿತ್ರ ಹಸ್ತಪ್ರತಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಜೋಪಾನವಾಗಿದೆ. ನಮ್ಮ ಹಾಡುಗಾರರ ಪದಗಳಿರುವುದು ಶಾಲೆಯ ನೋಟ್‌ಬುಕ್ಕುಗಳಲ್ಲಿ, ಬಹಳಷ್ಟು ಬರೀ ನಾಲಿಗೆಯ ಮೇಲೆ. ಪದದ ಕೊನೆಗೆ ಊರು, ಗುರು, ಕವಿಯ ಹೆಸರು ಬರುತ್ತದಲ್ಲ, ಅದೊಂದೇ ಅವರ ದಾಖಲೆ. ಮುಂದಿನ ಮೊಹರಂಗೆ ಮೊದಲು ವಿಜಯಪುರದ ನಮ್ಮ ಸಂಘ ಸಂಸ್ಥೆಗಳು ತಿಕೋಟಾಕ್ಕೆ, ಬಬಲೇಶ್ವರಕ್ಕೆ ಹೋಗಲಿ. ಹಿರಿಯ ಹಾಡುಗಾರರ ಜೊತೆ ಕೂತು ಪದಗಳನ್ನು ಬರೆದುಕೊಳ್ಳಲಿ. ಹಳೆಯವನ್ನಷ್ಟೇ ಅಲ್ಲ, ಹೋದ ವರ್ಷ ಕಟ್ಟಿದ್ದನ್ನೂ, ಕಟ್ಟಿದವರ ಹೆಸರು ಸಮೇತ.