ಚಳಿಗಾಲದ ಕಡಲತೀರ ಮತ್ತು ನಮ್ಮವರ ಬಿಡುವು

ಮುಂಬಯಿಯ ಚಳಿಗಾಲವೆಂಬುದು ಹೆಸರಿಗೆ ಮಾತ್ರವೆಂದು ಘಟ್ಟದ ಮೇಲಿನಿಂದ ಬಂದವರು ನಗುವುದುಂಟು. ನಗಲಿ. ಡಿಸೆಂಬರಿನಿಂದ ಫೆಬ್ರುವರಿಯವರೆಗಿನ ಮೂರು ತಿಂಗಳಷ್ಟೇ ಈ ನಗರದಲ್ಲಿ ಬೆವರೊರೆಸಿಕೊಳ್ಳದೆ ಮರಳ ಮೇಲೆ ಕುಳಿತಿರಬಹುದಾದ ಕಾಲ. ಈ ಕಾಲದಲ್ಲಿ ನಮ್ಮವರೊಳಗೆ ಎಷ್ಟು ಮಂದಿ ಸಮುದ್ರದ ಮುಖ ಕಾಣುತ್ತಾರೆಂಬುದು ನಮ್ಮ ಪ್ರಶ್ನೆ.

ಉಡುಪಿ, ಕುಂದಾಪುರಗಳ ಕಡೆಯವರಿಗೆ ಕಡಲು ಹೊಸತಲ್ಲ. ಊರಿನಲ್ಲಿ ಕಡಲಿಗೆ ಹೋಗುವವನು ಬಲೆ ಹೊತ್ತು ಹೋದಾನೇ ಹೊರತು ಗಾಳಿಸೇವನೆಗೆಂದು ಹೋಗನು. ಅದೇ ಅರಬ್ಬೀ ಸಮುದ್ರವು ಇಲ್ಲಿ ಚರ್ನಿರೋಡ್ ಸ್ಟೇಷನ್ನಿನಲ್ಲಿ ಇಳಿದರೆ ಎದುರಿಗೇ ಇದೆ; ದಾದರಿನಲ್ಲಿ ಶಿವಾಜಿ ಪಾರ್ಕನ್ನು ದಾಟಿದರೆ ಇದೆ; ವರ್ಸೋವಾದ ಕಡೆಗೆ 2014ರಿಂದ ಮೆಟ್ರೋ ಓಡುತ್ತಿದೆ. ಹೀಗಿದ್ದೂ ಹತ್ತು ವರ್ಷ ಕೋಟೆ ವಿಭಾಗದಲ್ಲಿ ದುಡಿದು, ಚೌಪಾಟಿಯನ್ನು ಗಣಪತಿ ವಿಸರ್ಜನೆಯ ದಿನದ ಹೊರತು ಕಾಣದವರನ್ನು ನಾವು ಬಲ್ಲೆವು.

ಅವರನ್ನು ಸೋಮಾರಿಗಳೆನ್ನುವುದು ಅನ್ಯಾಯ. ಮುಂಜಾನೆ ಇಡ್ಲಿಯ ಹಬೆಯ ಮುಂದೆ ನಿಂತವನಿಗೆ ರಜೆಯ ದಿನ ನಿದ್ರೆಯೇ ಸಮುದ್ರ. ಆ ರಜೆಯೂ ಎಲ್ಲರಿಗೆ ಇಲ್ಲ. ವಾರಕ್ಕೊಂದು ದಿನ ಬಿಡುವು ಕೊಡಬೇಕೆಂದು 1948ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯೇ ವಿಧಿಸಿತ್ತು. ಅದರ ಸ್ಥಾನದಲ್ಲಿ ಬಂದ 2017ರ ಮಹಾರಾಷ್ಟ್ರ ಕಾಯಿದೆಯು ಎಡೆಬಿಡದ ಇಪ್ಪತ್ತನಾಲ್ಕು ಗಂಟೆಗಳ ಬಿಡುವೆಂದು ಬಿಡಿಸಿ ಹೇಳಿದೆ. ಆದರೆ ಕೆಲವೇ ಆಳುಗಳ ಸಣ್ಣ ಹೋಟೆಲುಗಳು ಅದರ ಬಹುತೇಕ ನಿಬಂಧನೆಗಳ ಹೊರಗಿವೆ. ಅಲ್ಲಿ ಮಾಲಿಕರ ಮನಸ್ಸೇ ಕಾಯಿದೆ.

ಗುಮಾಸ್ತರ ಕಷ್ಟ ಬೇರೆ. ಡಿಸೆಂಬರಿನಲ್ಲಿ ಆರು ಗಂಟೆಯ ಸುಮಾರಿಗೇ ಸೂರ್ಯಾಸ್ತ. ಕಡತ ಕಟ್ಟಿಟ್ಟು ಹೊರಬರುವಾಗ ಕತ್ತಲೆ. ಅವರಿಗೆ ಭಾನುವಾರವೊಂದೇ ಗತಿ. ಮುಂಜಾನೆ ಹೋಗಬಹುದಲ್ಲ ಎನ್ನುವವರಿಗೆ ಒಂದು ಮಾತು: ಚಳಿಗಾಲದಲ್ಲಿ ಕಡಲಗಾಳಿ ತಡವಾಗಿ ಏಳುತ್ತದೆ, ಅಲ್ಲಿಯವರೆಗೆ ಹೊಗೆ ಧೂಳುಗಳು ನಗರದ ಮೇಲೆಯೇ ನಿಂತಿರುತ್ತವೆ. ಮಧ್ಯಾಹ್ನ ತಿರುಗಿದ ಮೇಲಿನ ಹೊತ್ತೇ ಮೇಲು. ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಆರಂಭವಾಗುವ ಮುನ್ನಿನ ಹೋಟೆಲಿನ ಬಿಡುವೂ ಅದೇ ಹೊತ್ತಿನದು. ಈ ಒಂದು ವಿಷಯದಲ್ಲಿ ಮಾಣಿಯು ಗುಮಾಸ್ತನಿಗಿಂತ ಭಾಗ್ಯವಂತ!

ಮಳೆಗಾಲದ ಸಮುದ್ರವನ್ನು ನಂಬುವಂತಿಲ್ಲ. 2023ರ ಜೂನಿನಲ್ಲಿ ಬಿಪರ್‌ಜಾಯ್ ಚಂಡಮಾರುತದ ವೇಳೆ ಜುಹುವಿನಲ್ಲಿ ಹುಡುಗರು ನೀರುಪಾಲಾದುದನ್ನು ಮರೆತಿಲ್ಲ. ಚಳಿಗಾಲದಲ್ಲಿ ಅಲೆಗಳು ಸೌಮ್ಯ. ಆದರೂ ಈಜು ಬಲ್ಲೆನೆಂಬ ಊರ ಹೆಮ್ಮೆಯನ್ನು ದಡದಲ್ಲೇ ಬಿಡುವುದು ಕ್ಷೇಮ.

ಕೊಳಕಿನ ನೆಪವೂ ಹಿಂದಿನಂತೆ ನಿಲ್ಲದು. ವರ್ಸೋವಾದಲ್ಲಿ 2015ರ ಅಕ್ಟೋಬರಿನಲ್ಲಿ ವಕೀಲ ಅಫ್ರೋಜ್ ಶಾ ಅವರು ನೆರೆಯವರೊಬ್ಬರೊಡನೆ ಕಸ ಹೆಕ್ಕತೊಡಗಿದರು, ಜನ ಕೂಡಿತು, 2018ರಲ್ಲಿ ಆ ಮರಳಿನಿಂದ ಆಮೆಯ ಮರಿಗಳು ಹೊರಟು ಕಡಲು ಸೇರಿದವು. ಭೇಲ್ ತಿಂದ ಕಾಗದವನ್ನು ಅಲ್ಲೇ ಎಸೆಯುವ ನಮ್ಮವರೂ ಇದನ್ನು ನೆನೆಯಲಿ.

ಮಾಲಿಕರಲ್ಲಿ ನಮ್ಮದೊಂದು ವಿಜ್ಞಾಪನೆ. ತಾವೂ ಅನೇಕರು ಒಂದು ಕಾಲಕ್ಕೆ ಮೇಜು ಒರೆಸಿದವರೇ. ವಾರಕ್ಕೆ ಇಬ್ಬರಂತೆ ಹುಡುಗರನ್ನು ಸಂಜೆ ಏಳರವರೆಗೆ ಬಿಟ್ಟುಕೊಡುವ ಸರದಿಯ ಪಟ್ಟಿಯೊಂದನ್ನು ಸಂಕ್ರಾಂತಿಯೊಳಗೆ ಅಡಿಗೆಮನೆಯ ಗೋಡೆಗೆ ಅಂಟಿಸಿರಿ. ಮಾರ್ಚಿ ಬಂತೆಂದರೆ ಮರಳು ಕಾಲು ಸುಡತೊಡಗುತ್ತದೆ.