ಬೆಂಚಿನ ಈ ತುದಿ, ಆ ತುದಿ

ನಮ್ಮ ಚರ್ಚಿನಲ್ಲಿ ನನ್ನ ಜಾಗ ಯಾವುದು ಅಂತ ಯಾರನ್ನು ಕೇಳಿದರೂ ಹೇಳುತ್ತಾರೆ. ಎಡಗಡೆ, ಐದನೇ ಬೆಂಚು, ಕಿಟಕಿ ಪಕ್ಕದ ತುದಿ. ಸೆಖೆಗೆ ಅಲ್ಲಿ ಗಾಳಿ ಬರುತ್ತದೆ ಎಂದು ನಾನೂ ಹೇಳಿಕೊಂಡು ಬಂದಿದ್ದೆ. ಮೂರು ವರ್ಷದಿಂದ ಅಲ್ಲಿ ಕೂರುವುದಕ್ಕೆ ಕಾರಣ ಗಾಳಿಯಲ್ಲ ಎಂಬುದನ್ನು ಹೋದ ತಿಂಗಳು ನನ್ನ ಮಗ ಕಂಡುಹಿಡಿದ.

ಮಗನಿಗೆ ಬೆಂಗಳೂರಿನಲ್ಲಿ ಕೆಲಸ. ಅಲ್ಲಿ ಒಂದು ಹೊಸ ಸಭೆಗೆ ಹೋಗುತ್ತಾನೆ. ಬಾಡಿಗೆ ಹಾಲ್, ಗಿಟಾರ್, ಡ್ರಮ್ಸ್, ಪರದೆಯ ಮೇಲೆ ಹಾಡಿನ ಸಾಲು. ರಜೆಯಲ್ಲಿ ಮಂಗಳೂರಿಗೆ ಬಂದವನು ಶನಿವಾರ ರಾತ್ರಿ ಊಟಕ್ಕೆ ಕೂತಾಗ ಶುರು ಮಾಡಿದ. “ಅಮ್ಮಾ, ನಿಮ್ಮ ಚರ್ಚಿನಲ್ಲಿ ಎಲ್ಲ ಬಾಯಿಪಾಠ. ಪುಸ್ತಕ ನೋಡಿ ಪಾಪ ಒಪ್ಪಿಕೊಳ್ಳೋದು, ಪುಸ್ತಕ ನೋಡಿ ಆಮೆನ್ ಅನ್ನೋದು. ಮನಸ್ಸಿಂದ ಬರೋದು ಏನಿದೆ?”

ನನಗೆ ಸಿಟ್ಟು ಬಂತು. 1834ರಲ್ಲೇ ಬಾಸೆಲ್ ಮಿಷನ್ ಕಾಲಿಟ್ಟ ಊರು ನಮ್ಮದು. ನನ್ನ ಅಜ್ಜ ವಾರವಿಡೀ ಹೆಂಚಿನ ಕಾರ್ಖಾನೆಯಲ್ಲಿ ದುಡಿದು, ಭಾನುವಾರ ಅದೇ ಹೆಂಚಿನ ಮಾಡಿನ ಕೆಳಗೆ ನಿಂತು ಜರ್ಮನ್ ರಾಗದ ಕನ್ನಡ ಹಾಡುಗಳನ್ನು ಕಣ್ಣುಮುಚ್ಚಿ ಹಾಡಿದವರು. ಅದೆಲ್ಲ ನಾಟಕವಾ?

“ನಿಮ್ಮಲ್ಲಿ ಎಲ್ಲ ನಿಜವಾ?” ಎಂದು ಕೇಳಿದೆ.

ಅವನು ಸ್ವಲ್ಪ ಹೊತ್ತು ಸುಮ್ಮನೆ ಅನ್ನ ಕಲಸಿದ. “ಡೆಂಗ್ಯೂ ಬಂದು ಹತ್ತು ದಿನ ಮಲಗಿದ್ದೆ. ಯಾರೂ ಬರಲಿಲ್ಲ. ಆಮೇಲೆ ಹೋದಾಗ ‘ಹೇಗಿದ್ದೀ’ ಅಂದರು. ‘ಚೆನ್ನಾಗಿದ್ದೇನೆ, ಸ್ತೋತ್ರ’ ಅಂದೆ. ಎಲ್ಲರೂ ಹಾಗೇ ಅಲ್ವಾ ಹೇಳೋದು?”

ಡೆಂಗ್ಯೂ ವಿಷಯ ನನಗೂ ಗೊತ್ತಾದದ್ದು ಆವತ್ತೇ.

ಮರುದಿನ ಕರ್ತನ ಭೋಜನದ ಭಾನುವಾರ. ನಮ್ಮದು ದಕ್ಷಿಣ ಭಾರತ ಸಭೆ, ಎಲ್ಲರೂ ಸಿ.ಎಸ್.ಐ. ಅನ್ನುವುದು. ಬೇರೆ ಬೇರೆ ಪಂಗಡದವರು 1947ರಲ್ಲಿ ಒಂದಾಗಿ ಕಟ್ಟಿದ ಸಭೆ. 1950ರಲ್ಲಿ ಅವರು ಕರ್ತನ ಭೋಜನಕ್ಕೆ ಒಂದು ಕ್ರಮ ಬರೆದಾಗ, ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಉಳಿದುಬಂದಿದ್ದ ಒಂದು ಪದ್ಧತಿಯನ್ನು ಸೇರಿಸಿಕೊಂಡರು. ‘ಸಮಾಧಾನ’ ಕೊಡುವ ಪದ್ಧತಿ. ಕೊಡುವವರ ಬಲ ಅಂಗೈ ಪಡೆಯುವವರ ಬಲ ಅಂಗೈ ಮೇಲೆ. ಇಬ್ಬರೂ ಎಡಗೈಯಿಂದ ಇನ್ನೊಬ್ಬರ ಬಲಗೈಯನ್ನು ಮುಚ್ಚುತ್ತಾರೆ. ಹೀಗೆ ವೇದಿಕೆಯಿಂದ ಹೊರಟ ಸಮಾಧಾನ ಕೈಯಿಂದ ಕೈಗೆ ದಾಟುತ್ತಾ ಕೊನೆಯ ಬೆಂಚಿಗೆ ಹೋಗುತ್ತದೆ. ಕಾಣಿಕೆ ಅದಾದ ಮೇಲೆ. ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಯೇಸು ಹೇಳಿದ್ದೂ ಇದನ್ನೇ: ಯಾರಿಗಾದರೂ ನಿನ್ನ ಮೇಲೆ ಬೇಸರವಿದ್ದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವರ ಹತ್ತಿರ ಹೋಗು ಅಂತ.

ಬಲಗಡೆಯ ಬೆಂಚಿನಲ್ಲಿ ನನ್ನ ಗಂಡನ ಅಕ್ಕ ಕೂರುತ್ತಾರೆ. ಅತ್ತೆ ತೀರಿಕೊಂಡ ಮೇಲೆ ಮನೆ ಪಾಲಿನ ವಿಷಯಕ್ಕೆ ಮಾತು ಬಿಟ್ಟು ಮೂರು ವರ್ಷ. ಕಿಟಕಿ ಪಕ್ಕ ಕೂತರೆ ಅವರ ಕೈ ನನ್ನವರೆಗೆ ಬರುವುದಿಲ್ಲ.

ಮಗ ಆ ಕಡೆ ನೋಡಿದ, ಈ ಕಡೆ ನೋಡಿದ. ಮೆಲ್ಲಗೆ ಕೇಳಿದ: “ಅಮ್ಮಾ, ಇದಕ್ಕೇನಾ ನೀನು ಇಲ್ಲಿ ಕೂರೋದು?”

ನಾನು ಉತ್ತರ ಕೊಡಲಿಲ್ಲ. ಕೈಯಲ್ಲಿ ಪುಸ್ತಕ ತೆರೆದೇ ಇತ್ತು. ಅದರಲ್ಲಿ ಪಾಪ ಒಪ್ಪಿಕೊಳ್ಳುವ ಮಾತು ಸುಳ್ಳಾಗಿರಲಿಲ್ಲ. ಪ್ರತಿ ಸಲವೂ ಅದು ನನ್ನನ್ನು ಸರಿಯಾದದ್ದನ್ನೇ ಕೇಳುತ್ತಿತ್ತು. ತಪ್ಪಿಸಿಕೊಂಡು ಕಿಟಕಿಗೆ ಸರಿದವಳು ನಾನು. ಹಾಡು ಹಳೆಯದಾ ಹೊಸದಾ ಎಂದು ಇಡೀ ರಾತ್ರಿ ನಾವಿಬ್ಬರೂ ವಾದ ಮಾಡಿದ್ದೆವು. ಇಬ್ಬರ ಕಷ್ಟವೂ ರಾಗದಲ್ಲಿರಲಿಲ್ಲ.

ಈ ತಿಂಗಳ ಕರ್ತನ ಭೋಜನಕ್ಕೆ ಮುಂಚಿನ ಶನಿವಾರ ಸಂಜೆ ಅತ್ತಿಗೆಯ ಮನೆಗೆ ಹೋದೆ. ಬಾಗಿಲು ತೆರೆದು ಸ್ವಲ್ಪ ಹೊತ್ತು ನೋಡಿದರು. “ಬಾ” ಎಂದರು. ಕೂರುವ ಮೊದಲೇ ಹೇಳಿಬಿಟ್ಟೆ. ಕೂತರೆ ಧೈರ್ಯ ಹೋಗುತ್ತಿತ್ತು.

“ಅತ್ತಿಗೆ, ಅತ್ತೆಯ ಬಳೆ ನೀವು ಕೇಳದೆ ತೆಗೆದುಕೊಂಡಿರಿ ಅಂತ ನಾನು ಹೇಳಿದ್ದು ಸುಳ್ಳು. ಅವರೇ ನಿಮಗೆ ಕೊಟ್ಟದ್ದು ನನಗೆ ಗೊತ್ತಿತ್ತು.”

ಅವರು ಅಳಲಿಲ್ಲ, ಅಪ್ಪಿಕೊಳ್ಳಲೂ ಇಲ್ಲ. “ಅದನ್ನು ನೀನು ಅಡುಗೆಮನೆಯಲ್ಲಿ ಹೇಳಿದ್ದಲ್ಲ ಮಾರಾಯ್ತಿ, ಮದುವೆಮನೆಯಲ್ಲಿ ಹತ್ತು ಜನರ ಎದುರು ಹೇಳಿದ್ದು” ಎಂದರು. ಆಮೇಲೆ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟರು.

ಸರಿಯಾದ ಮಾತು. ಹತ್ತು ಜನರ ಎದುರು ಆಡಿದ್ದನ್ನು ಒಬ್ಬರ ಎದುರು ತಿದ್ದಿದರೆ ಸಾಲದು. ಇದುವರೆಗೆ ನಾಲ್ಕು ಮನೆಗೆ ಫೋನ್ ಮಾಡಿದ್ದೇನೆ. ಪ್ರತಿಯೊಂದು ಫೋನಿಗೂ ನಾಲಗೆ ಒಣಗುತ್ತದೆ. ಒಬ್ಬರು “ಈಗ ಯಾಕೆ ಅದೆಲ್ಲ?” ಎಂದು ನಕ್ಕರು. ಇನ್ನೂ ಆರು ಮನೆ ಬಾಕಿ. ಮನೆ ಪಾಲಿನ ವಿಷಯ ಎಲ್ಲಿತ್ತೋ ಅಲ್ಲೇ ಇದೆ, ವಕೀಲರ ಹತ್ತಿರ. ಅತ್ತಿಗೆಯನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. “ಬರೆ, ಬಳೆ ವಿಷಯ ಬಿಡಬೇಡ” ಎಂದರು.

ಭಾನುವಾರ ನಾನು ಬಲಗಡೆ ಹೋಗಿ ಅವರ ಪಕ್ಕ ಕೂತೆ. ಸಮಾಧಾನ ಬಂದಾಗ ಅವರ ಕೈ ಚಾಚಿತು. ಅಂಗೈಯಲ್ಲಿ ಬೆಳ್ಳುಳ್ಳಿ ವಾಸನೆ ಇತ್ತು. ಮಣಿಕಟ್ಟಿನಲ್ಲಿ ಅತ್ತೆಯ ಬಳೆ ಇತ್ತು.

ರಾತ್ರಿ ಮಗನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. “ಮುಂದಿನ ವಾರ ಯಾರಾದರೂ ಹೇಗಿದ್ದೀ ಅಂದರೆ ಏನು ಹೇಳ್ತೀ?” ಎಂದು ಕೇಳಿದೆ. “ನೋಡೋಣ” ಎಂದ.

ಹೊಸ ಜಾಗಕ್ಕೆ ಗಾಳಿ ಬರುವುದಿಲ್ಲ. ಸೆಖೆ ವಿಪರೀತ. ಬೀಸಣಿಗೆ ತೆಗೆದುಕೊಂಡು ಹೋಗುತ್ತೇನೆ.