ಮನುಷ್ಯನೆಂಬುದಕ್ಕೆ ಕಣ್ಣೊಂದೇ ಸಾಕ್ಷಿಯೆ?

ಅರ್ಜಿ ಸಲ್ಲಿಸಲೆಂದೋ ಪರೀಕ್ಷೆಯ ಫಲಿತಾಂಶವನ್ನು ತಿಳಿಯಲೆಂದೋ ಜಾಲತಾಣವನ್ನು ತೆರೆದಾಗ, ಬಾಗಿಲಲ್ಲಿಯೇ ಒಂದು ಚಿತ್ರ ನಮ್ಮನ್ನು ತಡೆಯುವುದುಂಟು. ಸೊಟ್ಟಪಟ್ಟ ಅಕ್ಷರಗಳನ್ನು ಓದಿ ಬರೆಯಿರಿ ಎಂದೋ, ಬಸ್ಸು ಕಾಣುವ ಚೌಕಗಳನ್ನು ಆರಿಸಿರಿ ಎಂದೋ ಅದು ಕೇಳುತ್ತದೆ. ಇದಕ್ಕೆ ಕ್ಯಾಪ್ಚಾ ಎಂದು ಹೆಸರು.

ಇದರ ಉದ್ದೇಶವೇನೋ ಸಾಧುವಾದದ್ದೇ. ಗಣಕಯಂತ್ರದ ಒಂದು ಕ್ರಮವಿಧಿಯು ದಣಿವಿಲ್ಲದೆ ಸುಳ್ಳು ಖಾತೆಗಳನ್ನು ತೆರೆಯುತ್ತ ಹೋಗಬಲ್ಲುದು; ಗುಪ್ತಪದಗಳನ್ನು ಒಂದಾದಮೇಲೊಂದರಂತೆ ಊಹಿಸಿ ನೋಡಬಲ್ಲುದು. ಅದನ್ನು ತಡೆಯಬೇಕಾದರೆ ಮನುಷ್ಯನಿಗೆ ಸುಲಭವೂ ಯಂತ್ರಕ್ಕೆ ಕಠಿಣವೂ ಆದ ಪ್ರಶ್ನೆಯೊಂದು ಬೇಕು. ಯಂತ್ರವು ಮನುಷ್ಯನಂತೆ ಉತ್ತರಿಸಬಲ್ಲುದೇ ಎಂಬುದನ್ನು ಪರೀಕ್ಷಿಸುವ ಬಗೆಯನ್ನು ಆಲನ್ ಟ್ಯೂರಿಂಗ್ 1950ರಲ್ಲಿ ಸೂಚಿಸಿದ್ದನು. ಅಲ್ಲಿ ಪರೀಕ್ಷಕನು ಮನುಷ್ಯ. ಲೂಯಿಸ್ ಫಾನ್ ಆನ್, ಮ್ಯಾನ್ಯುಯೆಲ್ ಬ್ಲಮ್ ಮೊದಲಾದವರು 2003ರಲ್ಲಿ ವಿವರಿಸಿದ ಕ್ಯಾಪ್ಚಾದಲ್ಲಿ ಪರೀಕ್ಷಕನೇ ಯಂತ್ರ!

ಆದರೆ ಕಾಲ ನಿಲ್ಲಲಿಲ್ಲ. ವಿರೂಪಗೊಳಿಸಿದ ಅಕ್ಷರಗಳನ್ನು ತಮ್ಮ ಕ್ರಮವಿಧಿಯು ನೂರಕ್ಕೆ 99.8ರಷ್ಟು ಸರಿಯಾಗಿ ಓದಿತೆಂದು ಗೂಗಲ್ ಸಂಸ್ಥೆಯ ಸಂಶೋಧಕರು 2014ರಲ್ಲಿ ಪ್ರಕಟಿಸಿದರು. ಬಸ್ಸು, ಸೇತುವೆಗಳ ಚಿತ್ರಗಳನ್ನೂ ಯಂತ್ರವು ಗುರುತಿಸಬಲ್ಲುದೆಂದು ಜ್ಯೂರಿಕ್ಕಿನ ಸಂಶೋಧಕರು 2024ರಲ್ಲಿ ತೋರಿಸಿಕೊಟ್ಟರು. ತಡೆಯಬೇಕಾದವನು ಒಳನುಗ್ಗುವನೆಂದ ಮೇಲೆ, ಈ ತಡೆಗೋಡೆಯಿಂದ ಹೊರಗುಳಿಯುವವರು ಯಾರು?

ಅಂಧ ವಿದ್ಯಾರ್ಥಿಯೊಬ್ಬನನ್ನು ನೆನೆದುಕೊಳ್ಳಿರಿ. ತೆರೆಯ ಮೇಲಿನ ಬರಹವನ್ನು ಓದಿ ಹೇಳುವ ಸಾಧನ ಅವನಲ್ಲಿದೆ. ಅರ್ಜಿಯನ್ನು ತುಂಬುವ ಸಾಮರ್ಥ್ಯವೂ ಇದೆ. ಆದರೆ ಚಿತ್ರದ ಮುಂದೆ ಆ ಸಾಧನ ಮೂಕವಾಗುತ್ತದೆ. ಚಿತ್ರದಲ್ಲಿ ಏನಿದೆಯೆಂದು ಬರೆದಿಟ್ಟರೆ ಉತ್ತರವನ್ನೇ ಯಂತ್ರಕ್ಕೆ ಹೇಳಿಕೊಟ್ಟಂತಾಗುವುದರಿಂದ, ಹಾಗೆ ಬರೆದಿಡುವಂತೆಯೂ ಇಲ್ಲ. ಅವನು ಮನುಷ್ಯನಲ್ಲವೆಂದು ಯಂತ್ರವೊಂದು ತೀರ್ಪು ಕೊಟ್ಟಂತಾಯಿತು. ಇದು ಅನ್ಯಾಯವಲ್ಲವೆ?

ಜಾಲತಾಣಗಳ ಸುಗಮತೆಗಾಗಿ 2008ರಲ್ಲಿ ಹೊರಬಂದ ಅಂತರರಾಷ್ಟ್ರೀಯ ಮಾರ್ಗಸೂಚಿಯು, ಇಂತಹ ಪರೀಕ್ಷೆಗೆ ಬೇರೊಂದು ಇಂದ್ರಿಯದಿಂದ ಉತ್ತರಿಸುವ ಅವಕಾಶವೂ ಇರತಕ್ಕದ್ದೆಂದು ವಿಧಿಸುತ್ತದೆ. ಅದರಂತೆ ಕೆಲವೆಡೆ ಧ್ವನಿಯ ಪ್ರಶ್ನೆಯುಂಟು. ಆದರೆ ಕಣ್ಣು ಕಿವಿಗಳೆರಡೂ ಮಂದವಾದವರ ಗತಿಯೇನು? ದೂರವಾಣಿಗೆ ಬರುವ ಸಂಖ್ಯೆ, ಸ್ವಂತ ಸಾಧನದಲ್ಲಿಯೇ ಅಡಗಿಸಿಟ್ಟ ಕೀಲಿ ಮೊದಲಾದ ಅನ್ಯಮಾರ್ಗಗಳು ಈಗ ಇವೆ. ಅವುಗಳಲ್ಲಿ ಒಂದೆರಡನ್ನಾದರೂ ಚಿತ್ರದ ಪಕ್ಕದಲ್ಲಿ ಇಡುವುದು ಕಷ್ಟವೇನಲ್ಲ.

ಕಾವಲು ಬೇಡವೆಂದು ನಾನು ಹೇಳುವುದಿಲ್ಲ. ಕಾವಲುಗಾರನಿಗೆ ಕಳ್ಳನನ್ನು ಗುರುತಿಸುವುದರ ಜೊತೆಗೆ ಮನೆಯವರನ್ನು ಗುರುತಿಸುವುದೂ ತಿಳಿದಿರಬೇಕು. ನಾಳಿನ ಜಾಲತಾಣಗಳನ್ನು ಕಟ್ಟುವವರು ಇಂದಿನ ವಿದ್ಯಾರ್ಥಿಗಳಾದ ನೀವೇ. ನೀವು ಕಟ್ಟುವ ಬಾಗಿಲನ್ನು ಒಮ್ಮೆ ಕಣ್ಣು ಮುಚ್ಚಿಕೊಂಡು ತೆರೆದು ನೋಡಿರಿ; ತೆರೆಯಲಾಗದಿದ್ದರೆ ಆ ಬಾಗಿಲಿನಲ್ಲಿ ದೋಷವಿದೆಯೆಂದು ತಿಳಿಯಿರಿ.